ಕಹನನೂಯಿ ಮನೆಯ ಶ್ರುತಿ

ಲೋಪಕಾ ಕಹನನೂಯಿಯ ಮುತ್ತಜ್ಜ ಕಾಡುದನಗಳನ್ನು ಕಡಲಿಗಿಳಿಸಿ, ಈಜಿಸಿ, ಹಡಗು ಹತ್ತಿಸಿದವನು. ಅಜ್ಜ ಮೌನಾ ಕೆಯಾ ಬೆಟ್ಟದ ಗೂಳಿಗಳಿಗೆ ಕುಂಟುಗುದುರೆಯ ಮೇಲೆ ಕೂತೇ ಹಗ್ಗ ಬೀಸಿದವನು. ಅಪ್ಪ ಗೂಳಿಯ ತಂಟೆಗೆ ಹೋಗದೆ ಗಿಟಾರ್ ಹಿಡಿದ. ತಂತಿಗಳನ್ನು ತನಗೊಪ್ಪುವಂತೆ ಸಡಿಲಿಸಿ, ತಮ್ಮ ವೈಮೆಯಾ ಊರಿನ ಯಾವ ದನಗಾಹಿಗೂ ತಿಳಿಯದ ಒಂದು ಶ್ರುತಿ ಕಟ್ಟಿದ. ಆ ಸೀಮೆಯಲ್ಲಿ ಮನೆತನದ ಶ್ರುತಿಯೆಂದರೆ ಹೂತಿಟ್ಟ ಕೊಪ್ಪರಿಗೆ. ಯಾರಾದರೂ ಕದ ತಟ್ಟಿದರೆ ಮೊದಲು ಬಿರಡೆ ತಿರುಚಿ ಶ್ರುತಿ ಕೆಡಿಸಬೇಕು, ಆಮೇಲೆ ಕದ ತೆರೆಯಬೇಕು.

ಲೋಪಕಾನಿಗೆ ದಕ್ಕಿದ ಆಸ್ತಿ ಅದೊಂದೇ. ಮಗಳಿಗೆ ದಾಟಿಸದಿದ್ದರೆ ಅದು ಅವನ ಜೊತೆಗೇ ಮಣ್ಣಾಗುತ್ತಿತ್ತು.

ಮಗಳು ನೋಹೆಯಾಗೆ ಮೂವತ್ತು ದಾಟಿದ ಮೇಲೆ ಗಿಟಾರಿನ ಹುಚ್ಚು ಹತ್ತಿತು. ಹೀಲೋ ಪೇಟೆಯ ಅಂಗಡಿಯವನು ಅವಳಿಗೆ ಗಿಟಾರ್ ಪುರಾಣ ಬಿಚ್ಚಿದ್ದನಂತೆ: ನೈಲಾನ್ ತಂತಿ ಹೊಸಬರ ಬೆರಳಿಗೆ ಮೆದು, ಉಕ್ಕಿನದು ಬೆರಳು ಕೊಯ್ದರೂ ದನಿ ಖಣಖಣ, ವಿದ್ಯುತ್ ಗಿಟಾರಿಗೆ ಆಂಪ್ಲಿಫೈಯರ್ ಇಲ್ಲದೆ ಬಾಯಿಯೇ ಇಲ್ಲ, ಬ್ಲೂಸೋ ರಾಕೋ, ಮೊದಲು ಶೈಲಿ ಆರಿಸಿಕೊಳ್ಳಿ ಎಂದು. ಅವಳು ಉಕ್ಕಿನ ತಂತಿಯ ಗಿಟಾರನ್ನೂ ಅದರ ತಲೆಗೆ ಕಚ್ಚಿಸುವ ಶ್ರುತಿಯಂತ್ರವನ್ನೂ ತಂದು, "ಅಪ್ಪ, ನನಗೆ ನಮ್ಮನೆ ಶೈಲಿನೇ ಕಲಿಸು" ಎಂದಳು.

ಲೋಪಕಾ ಎರಡೂ ಬಾಗಿಲು ಹಾಕಿ, ಹೆಂಡತಿ ಮೊಮಿಯನ್ನು ಅಡಿಗೆಮನೆಗೆ ಅಟ್ಟಿ (ಸಂಸಾರ ಮಾಡಿ ಮುದುಕಿಯಾದರೂ ಹುಟ್ಟಿದ್ದು ಬೇರೆ ಮನೆತನದಲ್ಲಿ ತಾನೆ!) ತನ್ನ ಹಳೆಯ ಗಿಟಾರ್ ಹಿಡಿದು ಪಾಠಕ್ಕೆ ಕೂತ. ಮೊದಲ ತಂತಿ ಮೀಟುವ ಮುನ್ನವೇ ನೆರೆಯ ಪಲಕಿಕೊ ಮೀನು ಕೊಡಲು ಬಂದು ಕದ ತಟ್ಟಿದ. ಲೋಪಕಾನ ಕೈ ಅವನನ್ನು ಕೇಳದೆಯೇ ಆರೂ ಬಿರಡೆ ತಿರುಚಿಬಿಟ್ಟಿತು.

ಪಲಕಿಕೊ ತನ್ನ ಮೊಣಕಾಲು ನೋವಿನ ಚರಿತ್ರೆಯನ್ನೆಲ್ಲ ಹೇಳಿ ಹೋದ ಮೇಲೆ ಲೋಪಕಾ ತಂತಿ ಬಿಗಿದ, ಸಡಿಲಿಸಿದ, ಮತ್ತೆ ಬಿಗಿದ. ಶ್ರುತಿ ಕೂಡಲಿಲ್ಲ. ಇಷ್ಟು ಕಾಲ ದಾರಿ ತೋರಿದ ಕಿವಿ ಈ ದಿನ ದಾರಿ ಮರೆತಿತ್ತು. ನೋಹೆಯಾ ಶ್ರುತಿಯಂತ್ರ ಕಚ್ಚಿಸಿದಳು. ಅದು ಹಸಿರು ಕಣ್ಣು ಬಿಟ್ಟು ತೋರಿಸಿದ್ದು ಊರೆಲ್ಲರ ಶ್ರುತಿ. ಕಳ್ಳರಿಗೆ ಹೆದರಿ ಬಚ್ಚಿಟ್ಟದ್ದು ಒಡೆಯನ ಕೈಗೇ ಎಟುಕದೆ ಹೋಯಿತಲ್ಲ ಎಂದು ಮುದುಕ ಗಿಟಾರಿನ ಮೇಲೆ ತಲೆಯಿಟ್ಟು ಕೂತ.

ಕೆಸುವಿನ ಗೆಡ್ಡೆ ಕುಟ್ಟುತ್ತಿದ್ದ ಮೊಮಿ ಬಾಗಿಲಿಗೆ ಬಂದು, ದಪ್ಪ ತಂತಿಯಿಂದ ಹಿಡಿದು ಆರೂ ಸ್ವರಗಳನ್ನು ಗುನುಗಿದಳು. ನೋಹೆಯಾ ಹೊಸ ಗಿಟಾರಿನಲ್ಲಿ ಅವನ್ನು ಹೊಂದಿಸಿ ಮೀಟಿದಳು. ಲೋಪಕಾನಿಗೆ ಸತ್ತ ಅಪ್ಪನೇ ಎದ್ದು ಬಂದಂತಾಯಿತು.

"ನಿಂಗೆ ಇದು ಯಾವಾಗಿಂದ ಗೊತ್ತು?"

"ಮದುವೆಯಾದ ವಾರದಿಂದ. ನಮ್ಮ ಗೋಡೆ ಹಲಗೇದು ಕಣೋ ಮುದುಕ. ಪಲಕಿಕೊ ಹೆಂಡ್ತಿಗೂ ಗೊತ್ತು, ಬಟ್ಟೆ ಒಣಗಿಸ್ತಾ ಇಬ್ರೂ ಇದ್ರಲ್ಲೇ ಹಾಡ್ಕೋತೀವಿ. ಕೊಡು, ನಿನ್ನದನ್ನೂ ಕೂಡಿಸಿಕೊಡ್ತೀನಿ."

ಲೋಪಕಾ ಗಿಟಾರನ್ನು ಎದೆಗವಚಿಕೊಂಡ.

"ಬೇಡ. ಅಪ್ಪನ ಶ್ರುತೀನ ಹೊರಗಿನವರ ಹತ್ರ ಹೇಳಿಸ್ಕೊಳ್ಳೋ ಗತಿ ನಂಗಿನ್ನೂ ಬಂದಿಲ್ಲ. ನಾನೇ ನೆನಪು ಮಾಡ್ಕೋತೀನಿ. ನೀವು ನುಡಿಸೋದು ನಿಲ್ಲಿಸಬೇಡಿ, ಅಷ್ಟೆ."