ಶನಿವಾರದ ಸೌನಾ ಮತ್ತು ಕೌಕೊನ ಲಿನಕ್ಸ್

ಗೋಡೆಯ ಮೇಲೆ ಲಿನಕ್ಸಿನ ಮಹಿಮೆ ಮೂಡಬೇಕಾಗಿತ್ತು. ಮೂಡಿದ್ದು ಒಂದು ಕಪ್ಪು ಚೌಕ. ಕೌಕೊ ಪ್ರೊಜೆಕ್ಟರಿನ ತಂತಿಯನ್ನು ತನ್ನ ಲ್ಯಾಪ್‌ಟಾಪಿನಿಂದ ಕಿತ್ತು ಚುಚ್ಚಿದ, ಚುಚ್ಚಿ ಕಿತ್ತ. ಕೊನೆಗೆ ಚಿತ್ರ ಬಂತು, ತಲೆಕೆಳಗಾಗಿ. ವಸತಿ ಸಂಘದ ಹದಿನಾಲ್ಕು ಮಂದಿ ಸದಸ್ಯರು ಏಲಕ್ಕಿ ಬನ್ನು ಜಗಿಯುತ್ತ ಕತ್ತು ತಿರುಚಿ ಓದಲು ಯತ್ನಿಸಿದರು. ತಾಂಪೆರೆ ಊರಿನ ಜನ ಅಷ್ಟು ಸಭ್ಯರು.

"ನನ್ನದು ಹಾಕಿ ನೋಡಲಾ?" ಎಂದ ಅಧ್ಯಕ್ಷ ಔಲಿಸ್. ತಂತಿ ತಾಗಿದ್ದೇ ತಡ, ಅವನ ವಿಂಡೋಸ್ ಲ್ಯಾಪ್‌ಟಾಪಿನಿಂದ ಮೊಮ್ಮಗಳ ಫೋಟೋ ಗೋಡೆ ತುಂಬ ನಕ್ಕಿತು.

"ನನ್ನದು ನಾನೇ ಕೈಯಾರೆ ತಿದ್ದಿಕೊಂಡ ವ್ಯವಸ್ಥೆ," ಎಂದ ಕೌಕೊ, ಕಿವಿ ಕೆಂಪಗಾಗಿ. "ಸ್ವಾತಂತ್ರ್ಯಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತೆ."

ಚರ್ಚೆ ಇದ್ದದ್ದು ಸಂಘದ ಮುದಿ ಕಂಪ್ಯೂಟರಿಗೂ ಲಿನಕ್ಸ್ ಹಾಕುವ ಬಗ್ಗೆ. ಒಲೆಯ ಮೇಲೆ ಕಾದ ಕಲ್ಲುಗಳ ಹಬೆಯಲ್ಲಿ ಬೆವರಿಳಿಸುವ ನೆಲಮಾಳಿಗೆಯ ಸೌನಾ ಯಾವ ಮನೆಗೆ ಯಾವ ದಿನ, ಎಷ್ಟು ಗಂಟೆಗೆ ಎಂಬ ಪಟ್ಟಿ ಇದ್ದದ್ದು ಆ ಕಂಪ್ಯೂಟರಿನಲ್ಲೇ. (ಬಾಗಿಲಿಗೆ ಅಂಟಿಸಿದ್ದ ಕಾಗದದ ಪಟ್ಟಿಯನ್ನು ಕಳೆದ ವರ್ಷ 'ಶಿಲಾಯುಗ' ಎಂದು ಕಿತ್ತುಹಾಕಿಸಿದವನೂ ಕೌಕೊನೇ.) ಶನಿವಾರ ಸಂಜೆ ಆರರ ಸರದಿಗಾಗಿ ಕೌಕೊನ ಹೆಂಡತಿ ಹಿಲ್ಕಾ ಒಂಬತ್ತು ವರ್ಷ ಕಾದಿದ್ದಳು. ಮೂರನೇ ಮಹಡಿಯ ರಿತ್ವಾ ಶುಕ್ರವಾರಕ್ಕೆ ಸರಿದ ಮೇಲೆ, ಹೋದ ವರ್ಷವಷ್ಟೇ ಅದು ಕೈಗೆ ಬಂದಿತ್ತು. ಮದುವೆಯ ದಿನವೂ ಹಿಲ್ಕಾಳ ಮುಖದಲ್ಲಿ ಅಂಥ ಕಳೆ ಕಂಡವರಿಲ್ಲ.

"ವಿಂಡೋಸ್ ಅಂದ್ರೆ," ಕೌಕೊ ಪ್ರವಚನ ಶುರುಮಾಡಿದ, "ನಾವು ಹೊರಡೋ ಹೊತ್ತಿಗೆ ಸಿಂಗಾರಕ್ಕೆ ಕೂರೋ ಯಜಮಾನಿ. ಮ್ಯಾಕ್ ಅಂದ್ರೆ ಸೌದೆ ಒಡೆಯೋಕೆ ಬೆಳ್ಳಿ ಕೊಡಲಿ. ಲಿನಕ್ಸ್ ಪುಕ್ಕಟೆ. ಹಳೇ ಯಂತ್ರದಲ್ಲೂ ಕುದುರೆ ಹಾಗೆ ಓಡುತ್ತೆ."

"ವಿಂಡೋಸಲ್ಲಿ ಪ್ರಿಂಟರ್ ನಡೆಯುತ್ತೆ," ಎಂದ ಔಲಿಸ್.

"ಪ್ರಿಂಟರ್," ಎಂದ ಕೌಕೊ, ಸತ್ತ ಇಲಿಯನ್ನು ಬಾಲ ಹಿಡಿದು ಎತ್ತಿದವನಂತೆ.

ಸಭೆ ಸುಮ್ಮನಿತ್ತು. ಮೌನವನ್ನು ಕೌಕೊ ಸರ್ವಾನುಮತವೆಂದು ಬರೆದುಕೊಂಡ. (ಬಾಯಲ್ಲಿ ಬನ್ನು ಇದ್ದಿರಲೂಬಹುದು.)

ಭಾನುವಾರ ಅವನು ಸಂಘದ ಕೋಣೆಗೆ ದಿಗ್ವಿಜಯಕ್ಕೆ ಹೊರಟಾಗ ಹಿಲ್ಕಾ ಕಾಫಿ ಲೋಟದಿಂದ ತಲೆ ಎತ್ತಿದಳು. "ಅದರಲ್ಲಿರೋದನ್ನ ಮೊದಲು ಬೇರೆ ಕಡೆ ಎತ್ತಿಟ್ಕೋ."

"ನಕಲು ಇಟ್ಕೊಳ್ಳೋದು ವಿಂಡೋಸಿನವರ ಹೆದರಿಕೆ, ಹಿಲ್ಕಾ."

"ನನ್ನ ಶನಿವಾರ ಅದರಲ್ಲಿದೆ."

"ನಿನ್ನ ಶನಿವಾರ ನನ್ನ ಕೈಲಿದೆ."

'ಇಡೀ ಡಿಸ್ಕ್ ಅಳಿಸಿಹಾಕಲೇ?' ಎಂದು ಯಂತ್ರ ವಿನಯದಿಂದ ಕೇಳಿತು. ಕೌಕೊ ಸಾಮಂತನಿಗೆ ಅಭಯ ಕೊಡುವ ಚಕ್ರವರ್ತಿಯ ಗತ್ತಿನಲ್ಲಿ 'ಹೌದು' ಒತ್ತಿದ. ಲಿನಕ್ಸ್ ಏರಿದ ಮೇಲೆ ಕಂಪ್ಯೂಟರ್ ಒಂಬತ್ತೇ ಸೆಕೆಂಡಿಗೆ ಎದ್ದು ಕೂತಿತು. ಪಟ್ಟಿಯನ್ನು ಮಾತ್ರ ಅವನು ಮೂರು ಗಂಟೆ ಹುಡುಕಿದ.

ತುರ್ತು ಸಭೆ ಸೇರಿತು.

"ಎಲ್ಲರಿಗೂ ಅವರವರ ಸರದಿ ನೆನಪಿದೆ. ಹೇಳಿದ್ರೆ ಬರ್ಕೋತೀನಿ," ಎಂದ ಕೌಕೊ, ಒಂದು ಸುತ್ತು ಇಳಿದ ದನಿಯಲ್ಲಿ.

ಔಲಿಸ್ ಸಂಘದ ನಿಯಮಾವಳಿ ತೆರೆದು, ಕನ್ನಡಕ ಸರಿಮಾಡಿಕೊಂಡು ಓದಿದ. ನೆನಪು ದಾಖಲೆಯಲ್ಲ, ಲಿಖಿತವಾಗಿ ಉಳಿದಿರುವ ಕೊನೆಯ ಪಟ್ಟಿಯೇ ಜಾರಿ. ಅಂಥದ್ದೊಂದು ಅವನ ಲ್ಯಾಪ್‌ಟಾಪಿನಲ್ಲಿತ್ತು, ಎರಡು ವರ್ಷ ಹಳೆಯದು. ಅದರ ಪ್ರಕಾರ ಶನಿವಾರ ಆರು ಗಂಟೆ ರಿತ್ವಾಳದು. ಕೌಕೊನ ಮನೆಯದು ಮಂಗಳವಾರ ನಾಲ್ಕು, ಒಲೆಯ ಕಲ್ಲುಗಳಿಗೆ ಇನ್ನೂ ನಿದ್ದೆ ಬಿಡದ ಹೊತ್ತು.

ಹಿಲ್ಕಾ ಗಂಡನನ್ನು ನೋಡಲೂ ಇಲ್ಲ.

"ನೀನು ಶನಿವಾರ ನನ್ನ ಜೊತೆ ಬಾರೇ," ಎಂದಳು ರಿತ್ವಾ ಅವಳಿಗೆ. "ಅವನು ಮಂಗಳವಾರ ಹೋಗ್ಲಿ."

ಮಂಗಳವಾರ ಕೌಕೊ ಒಬ್ಬನೇ ಹೋದ. ಮುಕ್ಕಾಲು ಗಂಟೆ ಕೂತರೂ ಬೆವರು ಬರಲಿಲ್ಲ. ಟವೆಲ್ಲು ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಹತ್ತುವಾಗ ಔಲಿಸ್ ಎದುರಾದ. ಸೋತದ್ದು ಸೌನಾ, ಸಿದ್ಧಾಂತವಲ್ಲವಲ್ಲ ಎಂದು ಕೌಕೊ ಎದೆ ಸೆಟೆಸಿದ.

"ನಿಜ ಹೇಳು ಔಲಿಸ್. ಸಂಘದ ಕಂಪ್ಯೂಟರ್ ಮೊದಲಿಗಿಂತ ಚುರುಕಾಗಿದೆಯೋ ಇಲ್ಲವೋ?"

ಔಲಿಸ್ ಬೂಟಿನ ಹಿಮ ಕೊಡವುತ್ತ ಪ್ರಾಮಾಣಿಕವಾಗಿ ಯೋಚಿಸಿದ.

"ಆಗಿದೆ," ಎಂದ. "ಅದರಲ್ಲಿ ಏನೂ ಇಲ್ವಲ್ಲ."