ಭಾವನವರ ಬ್ಲ್ಯಾಕ್‌ಜಾಕ್ ಮೇಜು

ಕುವೈತಿನಲ್ಲಿ ಜೂಜು ನಿಷಿದ್ಧ ಎಂದು ಯಾರಾದರೂ ನಿಮಗೆ ಹೇಳಿದ್ದರೆ, ಅವರು ಶುಕ್ರವಾರ ಮಧ್ಯಾಹ್ನ ನಮ್ಮ ಭಾವನವರ ಮನೆಗೆ ಬಂದಿಲ್ಲ ಎಂದೇ ಅರ್ಥ. ಈ ದೇಶದ ಏಕೈಕ ಕ್ಯಾಸಿನೋ ಇರುವುದು ಮೈದಾನ್ ಹವಲ್ಲಿಯ ಒಂದು ಫ್ಲಾಟಿನ ಊಟದ ಮೇಜಿನ ಮೇಲೆ! ಅದರ ಮಾಲೀಕ, ಮ್ಯಾನೇಜರ್, ಡೀಲರ್ ಎಲ್ಲವೂ ನನ್ನ ಅಕ್ಕನ ಗಂಡನೇ. ದಯವಿಟ್ಟು ಪೊಲೀಸರಿಗೆ ಫೋನು ಮಾಡಬೇಡಿ. ಅಲ್ಲಿ ಕೈ ಬದಲಾಯಿಸುವುದು ದಿನಾರ್ ಅಲ್ಲ, ತೊಳೆದು ಒಣಗಿಸಿದ ಖರ್ಜೂರದ ಬೀಜ.

ಭಾವ ಯಾವತ್ತಾದರೂ ಕ್ಯಾಸಿನೋ ಒಳಗೆ ಕಾಲಿಟ್ಟಿದ್ದಾರೆಯೇ? ಖಂಡಿತ ಇಲ್ಲ. ಅವರು ಕೆಲಸ ಮಾಡುವುದು ಬ್ಯಾಂಕೊಂದರ ರಿಸ್ಕ್ ವಿಭಾಗದಲ್ಲಿ. ಎಲ್ಲೆಲ್ಲಿ ಏನೇನು ಕೆಟ್ಟದ್ದಾಗಬಹುದು ಎಂದು ಯೋಚಿಸುವುದಕ್ಕೇ ಅವರಿಗೆ ಸಂಬಳ. ಆ ಕಸುಬನ್ನು ಅವರು ಮನೆಗೂ ತರುತ್ತಾರೆ. ಕಲ್ಲಂಗಡಿ ಕೊಳ್ಳುವಾಗ ಅಂಗಡಿಯಲ್ಲಿರುವ ಅಷ್ಟನ್ನೂ ತಟ್ಟಿ, ಕೊನೆಗೆ ಮೊದಲು ತಟ್ಟಿದ್ದನ್ನೇ ತರುತ್ತಾರೆ. ಮಳೆಯೇ ಅಪರೂಪವಾದ ಈ ಮರಳುಗಾಡಿನ ಊರಲ್ಲಿ ಕಾರಿನೊಳಗೆ ವರ್ಷವಿಡೀ ಛತ್ರಿ ಇಟ್ಟಿರುತ್ತಾರೆ. ಮಿಕ್ಸಿಗೂ ವಿಮೆ ಸಿಗುವುದಾದರೆ ಮಾಡಿಸುವ ಆಸಾಮಿ! ಇಂಥವರು ಒಂದು ದಿನ ಅಬ್ಬಾಸಿಯಾದ ಅಂಗಡಿಯಿಂದ ಎರಡು ಕಟ್ಟು ಇಸ್ಪೀಟೆಲೆ ತಂದು, "ಇನ್ಮೇಲೆ ವಾರಾ ವಾರಾ ಬ್ಲ್ಯಾಕ್‌ಜಾಕ್" ಎಂದು ಘೋಷಿಸಿದರೆ ಹೇಗಾಗಬೇಡ?

ನನಗಂತೂ ಮೈಯೆಲ್ಲ ಉರಿಯಿತು. ಯಾಕೆಂದರೆ ಅಕ್ಕನಿಗೆ ಸ್ಟ್ರೋಕ್ ಆಗಿ ಆಸ್ಪತ್ರೆಯಿಂದ ಮನೆಗೆ ಬಂದು ಆಗ ಹೆಚ್ಚು ದಿನಗಳೂ ಆಗಿರಲಿಲ್ಲ. ಮಾತು, ನಡಿಗೆ ಎಲ್ಲ ಸರಿಹೋಗಿತ್ತು. ಬಲಗೈ ಮಾತ್ರ ಹೇಳಿದ ಮಾತು ಕೇಳುತ್ತಿರಲಿಲ್ಲ. ಭುಜ ಅಲ್ಪಸ್ವಲ್ಪ ಆಡುತ್ತಿತ್ತು, ಬೆರಳುಗಳು ಜಪ್ಪಯ್ಯ ಅಂದರೂ ಅಲುಗುತ್ತಿರಲಿಲ್ಲ. ಈಗ ಬಿಟ್ಟರೆ ಕೈ ಹೀಗೇ ಉಳಿದುಬಿಡಬಹುದು, ದಿನಾ ಆಡಿಸುತ್ತಿರಬೇಕು ಎಂದು ಡಾಕ್ಟರು ಒತ್ತಿ ಹೇಳಿದ್ದರು. ಅಕ್ಕನೋ, ಫಿಸಿಯೋಥೆರಪಿಯವರು ಕೊಟ್ಟ ಸ್ಪಂಜಿನ ಚೆಂಡನ್ನು ಸೋಫಾದ ಕೆಳಗೆ ಉರುಳಿಸಿ, "ಚೆಂಡು ಹಿಸುಕೋದಕ್ಕೆ ನಾನೇನು ಎಳೆ ಮಗುನಾ?" ಎಂದು ಮುಖ ತಿರುಗಿಸಿ ಕೂತಿದ್ದಳು. ಎಡಗೈಯಲ್ಲಿ ಚಮಚ ಹಿಡಿದು ತಿನ್ನುವುದು ಅವಮಾನವೆಂದು ನಮ್ಮೆದುರು ಊಟಕ್ಕೇ ಕೂರುತ್ತಿರಲಿಲ್ಲ. ಮನೆಯಲ್ಲಿ ಇಂಥ ಸ್ಥಿತಿ, ಯಜಮಾನರಿಗೆ ಇಸ್ಪೀಟಿನ ಶೋಕಿ!

"ಭಾವ, ನಿಮಗೆ ಸ್ವಲ್ಪನಾದ್ರೂ ಬುದ್ಧಿ ಇದೆಯಾ?" ಎಂದು ಕೇಳಿಯೇಬಿಟ್ಟೆ.

"ಬುದ್ಧಿ ಬೇಕಾಗಿಲ್ಲಮ್ಮ, ಶಿಸ್ತು ಇದ್ರೆ ಸಾಕು. ಕೂತ್ಕೋ," ಎಂದರು.

ನಾನು, ನನ್ನ ಗಂಡ, ಅಕ್ಕ, ಪಕ್ಕದ ಫ್ಲಾಟಿನ ಮಂಗಳೂರಿನ ಆಂಟಿ ಮೇಜಿನ ಸುತ್ತ ಕೂತೆವು. ಭಾವ ಎಂದೋ ಆಫೀಸಿನ ಪಾರ್ಟಿಗೆ ಹೊಲಿಸಿದ್ದ ಕಪ್ಪು ವೇಸ್ಟ್‌ಕೋಟು ತೊಟ್ಟು ಬಂದರು. ಗುಂಡಿ ಹಾಕಲು ಹೊಟ್ಟೆ ಬಿಡಲಿಲ್ಲ. ತೆರೆದ ವೇಸ್ಟ್‌ಕೋಟಿನಲ್ಲೇ ಪಾಠ ಶುರುವಾಯಿತು.

"ಇಲ್ಲಿ ನೀವು ನೀವು ಜಗಳ ಆಡಂಗಿಲ್ಲ. ಎಲ್ಲರಿಗೂ ಎದುರಾಳಿ ನಾನೇ, ಡೀಲರ್. ನಿಮಗೆ ಎರಡು ಕಾರ್ಡು, ನನಗೆ ಎರಡು. ನನ್ನದರಲ್ಲಿ ಒಂದು ಮಾತ್ರ ನಿಮಗೆ ಕಾಣ್ಸುತ್ತೆ. ಬೇಕಾದ್ರೆ ಇನ್ನೂ ಕಾರ್ಡು ಕೇಳಿ, ಎಲ್ಲ ಕೂಡಿ ಇಪ್ಪತ್ತೊಂದರ ಹತ್ತಿರ ಹೋಗ್ಬೇಕು, ದಾಟಿದ್ರೆ ಖಲಾಸ್! ರಾಜ, ರಾಣಿ, ಗುಲಾಮ ಎಲ್ಲರಿಗೂ ಹತ್ತು. ಎಕ್ಕಕ್ಕೆ ಒಂದೂ ಆಗ್ಬಹುದು, ಹನ್ನೊಂದೂ ಆಗ್ಬಹುದು, ನಿಮಗೆ ಹೆಂಗೆ ಅನುಕೂಲವೋ ಹಂಗೆ."

"ರಾಣಿಗೂ ಗುಲಾಮನಿಗೂ ಒಂದೇ ಬೆಲೆನಾ?" ಅಕ್ಕ ಬಹಳ ದಿನಗಳ ಮೇಲೆ ಬಾಯಿ ತೆರೆದಳು.

"ಇದು ಆಟ ಕಣೇ. ನಮ್ಮನೇಲಿ ರಾಣಿಗೇ ಜಾಸ್ತಿ," ಎಂದು ಭಾವ ಕಾರ್ಡು ಕಲಸಿದರು. ಅರ್ಧ ಕಟ್ಟು ನೆಲಕ್ಕೆ ಬಿತ್ತು.

ಮೊದಮೊದಲು ನಾವು ಪಣಕ್ಕಿಟ್ಟದ್ದು ಬಾದಾಮಿ. ನನ್ನ ಗಂಡ ಗೆದ್ದದ್ದನ್ನೆಲ್ಲ ಅಲ್ಲೇ ತಿಂದು ಮುಗಿಸುತ್ತಿದ್ದುದರಿಂದ ಎರಡನೇ ವಾರವೇ ಖರ್ಜೂರದ ಬೀಜ ಜಾರಿಗೆ ಬಂತು. ಡೀಲರ್ ಎಕ್ಕ ತೋರಿಸಿದರೆ ಆಟಗಾರರು ಇನ್ಶೂರೆನ್ಸ್ ಕಟ್ಟಬಹುದು, ಅಂದರೆ ಡೀಲರ್‌ಗೆ ಇಪ್ಪತ್ತೊಂದು ಬಂದೀತೆಂದು ಬೇರೆಯಾಗಿ ಒಂದು ಪಣ ಇಡಬಹುದು, ಎಂಬ ನಿಯಮವೂ ಇದೆಯಂತೆ. ನಾವೆಲ್ಲ ಭಾವನವರನ್ನು ಮೆಚ್ಚಿಸಲೆಂದು ಕೂಡಲೇ ಬೀಜ ಮುಂದೆ ತಳ್ಳಿದೆವು. ಅವರು ಹೌಹಾರಿದರು. "ಅದು ಶುದ್ಧ ದಂಡ! ಯಾರೂ ಕಟ್ಟಬಾರದು!" ಮಿಕ್ಸಿಗೆ ವಿಮೆ ಹುಡುಕುವ ಮನುಷ್ಯ ಹೇಳುವ ಮಾತೇ ಇದು?

ಎಲ್ಲಕ್ಕಿಂತ ಕಠಿಣವಾಗಿದ್ದದ್ದು ಕೈಸನ್ನೆಯ ಕಾನೂನು. ಕ್ಯಾಸಿನೋದಲ್ಲಿ ಬಾಯಿಮಾತಿಗೆ ಬೆಲೆಯಿಲ್ಲವಂತೆ. ಮೇಲಿನ ಕ್ಯಾಮೆರಾಗೆ ಕಾಣುವಂತೆ ಕೈಯಲ್ಲೇ ತೋರಿಸಬೇಕಂತೆ. ಇನ್ನೊಂದು ಕಾರ್ಡು ಬೇಕಾದರೆ ಬೆರಳಿಂದ ಮೇಜು ತಟ್ಟಬೇಕು. ಬೇಡವಾದರೆ ಅಂಗೈ ಕೆಳಗೆ ಮಾಡಿ ಮೇಜಿನ ಮೇಲೆ ಅತ್ತಿತ್ತ ಸವರಬೇಕು. ನಮ್ಮ ಕ್ಯಾಸಿನೋದ ಕ್ಯಾಮೆರಾ ಯಾವುದೆಂದರೆ ಚಾವಣಿಯಲ್ಲಿದ್ದ ಹೊಗೆ ಪತ್ತೆ ಮಾಡುವ ಯಂತ್ರ. ಕುಕ್ಕರ್ ಕೂಗಿದಾಗ ಭಾವ ಡೀಲರುಗಳ ಪದ್ಧತಿಯಂತೆ ಚಪ್ಪಾಳೆ ತಟ್ಟಿ, ಎರಡೂ ಅಂಗೈಗಳನ್ನು ಆ ಯಂತ್ರಕ್ಕೆ ತೋರಿಸಿ, ಏನೂ ಕದ್ದಿಲ್ಲವೆಂದು ಸಾಬೀತು ಮಾಡಿಯೇ ಅಡುಗೆಮನೆಗೆ ಓಡುತ್ತಿದ್ದರು. ಅಷ್ಟರಲ್ಲಿ ಬೇಳೆ ತಳ ಹಿಡಿದಿರುತ್ತಿತ್ತು.

ಅಕ್ಕ ಎಡಗೈಯಿಂದ ಮೇಜು ತಟ್ಟಿದಳು. ಭಾವ ಕಾರ್ಡು ಕೊಡಲಿಲ್ಲ.

"ಎಡಗೈ ನಡೆಯಲ್ಲ."

"ಯಾವ ಕ್ಯಾಸಿನೋದಲ್ಲಿ ಇದೆ ಈ ರೂಲ್ಸು?" ನಾನು ರೇಗಿದೆ.

"ನೀನು ಹೋಗಿದೀಯಾ ಕ್ಯಾಸಿನೋಗೆ?"

"ಇಲ್ಲ."

"ಮತ್ತೆ? ಸುಮ್ನಿರು."

ನಮ್ಮ ಪೈಕಿ ಕ್ಯಾಸಿನೋ ಕಂಡವರೆಂದರೆ ಮಂಗಳೂರಿನ ಆಂಟಿ ಒಬ್ಬರೇ. ಹಡಗಿನ ಪ್ರವಾಸದಲ್ಲಿ ಗಾಜಿನ ಬಾಗಿಲ ಆಚೆಯಿಂದ ನೋಡಿದ್ದರು. ಎಲ್ಲರೂ ಅವರ ಮುಖ ನೋಡಿದೆವು. ಆಂಟಿ ಒಮ್ಮೆ ಭಾವನನ್ನು ನೋಡಿದರು, ಒಮ್ಮೆ ಅಕ್ಕನ ಮಡಿಲಲ್ಲಿ ಬಿದ್ದಿದ್ದ ಬಲಗೈಯನ್ನು ನೋಡಿದರು. "ಹೌದು ಮಾರಾಯ್ರೆ, ಅಲ್ಲಿ ಎಲ್ಲರೂ ಬಲಗೈಯಲ್ಲೇ ಆಡುದು. ನಾನೇ ಕಣ್ಣಾರೆ ಕಂಡಿದ್ದೇನೆ," ಎಂದು ಶುದ್ಧ ಸುಳ್ಳು ಹೇಳಿದರು.

ನನ್ನ ಮಂದ ತಲೆಗೂ ಆಗ ಹೊಳೆಯಿತು. ಭಾವನವರ ಮೇಲಿದ್ದ ಸಿಟ್ಟು ಅಲ್ಲಿಗೇ ಇಳಿದುಹೋಯಿತು. ಅಕ್ಕನಿಗೂ ಹೊಳೆದಿರಬೇಕು, ಅವಳು ನನಗಿಂತ ಜಾಣೆ. ಆದರೆ ಚೆಂಡಿನ ಹಾಗೆ ಇದನ್ನು ಉರುಳಿಸಿಬಿಡುವುದು ಸುಲಭವಿರಲಿಲ್ಲ, ಗಂಡ ಎದುರಿಗೇ ಕೂತಿದ್ದರಲ್ಲ! ಹಾಗೆಂದು ಬಗ್ಗಲೂ ಇಲ್ಲ. ಸವರುವ ಸನ್ನೆಗೆ ಬೆರಳು ಬೇಕಿಲ್ಲ. ಭುಜದಿಂದಲೇ ಇಡೀ ತೋಳನ್ನು ಮೇಜಿನ ಮೇಲೆ ಎಳೆದಾಡಿದರೆ ಸಾಕು. ಅಕ್ಕ ಪ್ರತಿ ಸಲವೂ ಅದನ್ನೇ ಮಾಡಿದಳು. ಎಂಥ ಕೆಟ್ಟ ಎಲೆ ಬಂದರೂ ಸವರು, ನಿಲ್ಲು.

"ಅಲ್ವೇ, ಹನ್ನೆರಡಕ್ಕೇ ನಿಲ್ತಾರೇನೇ? ನಾನು ಹತ್ತು ತೋರಿಸ್ತಾ ಕೂತಿದೀನಿ. ಹದಿನೇಳು ಆಗೋವರೆಗೂ ನಾನು ಎಳೀಲೇಬೇಕು, ನಿನ್ನನ್ನ ದಾಟೇ ದಾಟ್ತೀನಿ. ತಟ್ಟೇ!"

"ನನಗೆ ಹನ್ನೆರಡೇ ಸಾಕು ರೀ."

ವಾರಗಟ್ಟಲೆ ಹೀಗೇ ನಡೆಯಿತು. ಅಕ್ಕ ಸೋಲುತ್ತಲೇ ಹೋದಳು. ಬೀಜವೆಲ್ಲ ಡೀಲರ್ ಮುಂದೆ ರಾಶಿ ಬಿತ್ತು. ಗೆದ್ದವರ ಮುಖ ಅಷ್ಟೊಂದು ಸಪ್ಪಗಿದ್ದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಡುಗೆಮನೆಯಲ್ಲಿ ನನ್ನೊಬ್ಬಳಿಗೇ ಕೇಳುವಂತೆ, "ತಟ್ತಾನೇ ಇಲ್ಲವಲ್ಲಮ್ಮ ಅವಳು," ಎಂದು ಒಮ್ಮೆ ಹೇಳಿ, ಸಿಂಕಿನ ನಲ್ಲಿಯನ್ನು ಜೋರಾಗಿ ತಿರುಗಿಸಿದರು. ಎಲ್ಲಿ ಏನು ಕೆಟ್ಟದ್ದಾಗಬಹುದೆಂದು ಅವರಿಗೆ ಗೊತ್ತಿತ್ತು. ಅದೇ ಅವರ ಕಷ್ಟವಾಗಿತ್ತು.

ಕಳೆದ ಶುಕ್ರವಾರ ಅಕ್ಕನಿಗೆ ರಾಜ ಮತ್ತು ರಾಣಿ ಬಂದವು. ಇಪ್ಪತ್ತು! ಭಾವನ ಮುಂದೆ ಬರೀ ಆರು. ಇದಕ್ಕಿಂತ ಒಳ್ಳೆಯ ಸ್ಥಿತಿ ಬೇಕೇ? ಇಪ್ಪತ್ತರ ಮೇಲೆ ಕಾರ್ಡು ಕೇಳುವವರು ಯಾರೂ ಇಲ್ಲ. ಅಂತೂ ಅಕ್ಕ ಒಂದು ಸಲ ಗೆಲ್ಲುತ್ತಾಳೆಂದು ನಾವೆಲ್ಲ ಅವಳ ತೋಳು ಸವರುವುದನ್ನೇ ಕಾದೆವು.

ಅಕ್ಕ ಬಲಗೈಯನ್ನು ಮಡಿಲಿಂದ ಎತ್ತಿ ಮೇಜಿನ ಮೇಲಿಟ್ಟಳು. ಸವರಲಿಲ್ಲ. ತುಟಿ ಕಚ್ಚಿಕೊಂಡು ಕೈಯನ್ನೇ ದಿಟ್ಟಿಸಿದಳು. ಹಣೆಯಲ್ಲಿ ಬೆವರು ಮೂಡಿತು. ತೋರುಬೆರಳು ಒಂದಿಷ್ಟು ಮೇಲೆದ್ದಿತು, ನಡುಗಿತು, ಮೇಜಿನ ಮೇಲೆ ಬಿದ್ದಿತು.

"ಏನೇ ಇದು, ಇಪ್ಪತ್ತರ ಮೇಲೆ ಯಾರಾದ್ರೂ..." ಎಂದ ಭಾವ ಅರ್ಧಕ್ಕೇ ಮಾತು ನಿಲ್ಲಿಸಿದರು.

"ಮೇಲಿನ ಕ್ಯಾಮೆರಾ ನೋಡ್ತಾ ಇದೆ. ಕಾರ್ಡ್ ಕೊಡ್ರೀ," ಎಂದಳು ಅಕ್ಕ.

ಭಾವ ಕೊಟ್ಟರು. ಎಂಟು. ಇಪ್ಪತ್ತೆಂಟಾಯಿತು. ಭಾವ ಖಲಾಸ್ ಅನ್ನಲಿಲ್ಲ. ಅಕ್ಕ ಬೆರಳನ್ನು ಮತ್ತೆ ಎತ್ತಿದಳು, ಮತ್ತೆ ಬೀಳಿಸಿದಳು. ಇನ್ನೊಂದು ಕೊಟ್ಟರು. ನನ್ನ ಗಂಡ ಬಾಯಿ ತೆರೆಯುವಷ್ಟರಲ್ಲಿ ಮಂಗಳೂರಿನ ಆಂಟಿ ಅವರ ಕಾಲು ತುಳಿದರು. ಐವತ್ತಾಯಿತು, ಅರವತ್ತು ದಾಟಿತು, ಆಮೇಲೆ ಯಾರೂ ಲೆಕ್ಕ ಇಡಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. ಭಾವನವರ ಕನ್ನಡಕ ಮಂಜಾಗಿ, ಕೊಡುತ್ತಿದ್ದ ಎಲೆ ಯಾವುದೆಂದೇ ಅವರಿಗೆ ಕಾಣುತ್ತಿರಲಿಲ್ಲ. ಅವಳು ತಟ್ಟಿದಳು, ಅವರು ಕೊಟ್ಟರು. ಕೊನೆಗೆ ಅವರ ಕೈಯಲ್ಲಿ ಒಂದೆಲೆಯೂ ಉಳಿಯಲಿಲ್ಲ.