ಮದಗದ ಕೆರೆಯಲ್ಲಿ ಹಡಗಿನ ಪರೀಕ್ಷೆ

ಹಡಗು ಸಂಸ್ಥೆಯ ಸಮೂಹ ಪ್ರಯಾಣ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ಸಮುದ್ರದ ಗಾಳಿಯೂ ತಲುಪದ ಹಿರೇಕೆರೂರಿನಿಂದ, ಕೈಗೆ ಮೆತ್ತಿದ ಮೆಕ್ಕೆಜೋಳದ ಧೂಳನ್ನು ಒರೆಸಿಕೊಂಡು, ತಮಗೂ ತಮ್ಮ ಹದಿನಾಲ್ಕು ಅಂತಸ್ತಿನ ಹಡಗಿಗೂ ವಂದಿಸುತ್ತೇನೆ. ಇಲ್ಲಿಯ ಸಣ್ಣ ಬೀಜದ ಕಂಪನಿಯೊಂದರಲ್ಲಿ ಬೀಜ ಮೊಳೆಯುತ್ತದೆಯೋ ಇಲ್ಲವೋ ಎಂದು ಇಪ್ಪತ್ತು ವರ್ಷಗಳಿಂದ ನೋಡುತ್ತ ಬಂದವನು ನಾನು. ಈ ವರ್ಷ ಕಂಪನಿಯ ಹತ್ತೊಂಬತ್ತು ಮಂದಿಯ ಪ್ರವಾಸಕ್ಕೆ ಹಡಗು ಆರಿಸುವ ಕೆಲಸವೂ ನನ್ನ ಪಾಲಿಗೆ ಬಂತು.

ತಾವು ಕಳುಹಿಸಿದ ಪುಸ್ತಿಕೆಯನ್ನು ಎರಡು ಸಲ ಓದಿದೆ. ಹಡಗಿನಲ್ಲಿ ಈಜುಕೊಳವಿದೆ, ಚಿತ್ರಮಂದಿರವಿದೆ, ಹತ್ತಿ ಇಳಿಯಲು ಕೃತಕ ಬಂಡೆಯಿದೆ; ಪ್ರಯಾಣಿಕರು ಅಪ್ಪಿತಪ್ಪಿಯೂ ಸಮುದ್ರದ ಕಡೆ ನೋಡದಂತೆ ತಾವು ವಹಿಸಿರುವ ಎಚ್ಚರ ದೊಡ್ಡದು. ನಮ್ಮ ಗುಂಪಿಗೆ ಗೊತ್ತುಮಾಡಿದ ಕೋಣೆಗಳಿಗೆ ಕಿಟಕಿಯಿಲ್ಲ, ಬದಲಿಗೆ ಹೊರಗಿನ ಅಲೆಗಳನ್ನು ತೋರಿಸುವ ಟಿವಿಯಿದೆ. ಇದನ್ನು ಓದಿ ಹೇಳಿದಾಗ, ಇಪ್ಪತ್ತೆರಡು ವರ್ಷಗಳಿಂದ ನಮ್ಮಲ್ಲಿ ಕಾಳು ಆರಿಸುವ, ಒಮ್ಮೆಯೂ ಸಮುದ್ರ ಕಾಣದ ವೀರವ್ವ, “ಟಿವಿ ನಮ್ಮನ್ಯಾಗೂ ಐತಲ್ರಿ ಸರ. ಅದನ್ನ ನೋಡಾಕ ಅಲ್ಲಿತನಾ ಯಾಕ ಹೋಗೂದು?” ಎಂದು ಕೇಳಿದರು.

ಮಾದರಿ ಪರೀಕ್ಷಿಸದೆ ಏನನ್ನೂ ಒಪ್ಪಿಕೊಳ್ಳುವ ರೂಢಿ ನಮ್ಮಲ್ಲಿಲ್ಲ. ಸಮುದ್ರದ ಮಾದರಿ ಪೊಟ್ಟಣವೊಂದನ್ನು ದಯಪಾಲಿಸಬೇಕೆಂದು ಮೂರು ಸಲ ಬರೆದೆ. ತಾವು ಮೌನವಾಗಿದ್ದುದರಿಂದ, ಮಾಸೂರಿನ ಮದಗದ ಕೆರೆಯಲ್ಲಿ ಮೀನುಗಾರ ದಾದಾಪೀರರ ಹರಿಗೋಲಿಗೆ ಐದು ಮಂದಿಯನ್ನು ಹತ್ತಿಸಿ, ತಮ್ಮ ಊಟದ ಪಟ್ಟಿಗೆ ಸಮನಾಗಿ ಹೊಟ್ಟೆ ಬಿರಿಯುವಂತೆ ತಿನ್ನಿಸಿ, ಒಂದು ತಾಸು ಗರಗರ ತಿರುಗಿಸಿದೆವು. ಮೊಳಕೆ ಪರೀಕ್ಷೆಯ ನಮೂನೆಯಲ್ಲೇ ಫಲಿತಾಂಶ ಲಗತ್ತಿಸಿದ್ದೇನೆ: ಐವರಲ್ಲಿ ನಾಲ್ವರು ವಾಂತಿ ಮಾಡಿಕೊಂಡರು. ಮಾಲೀಕರಾದ ಫಕ್ಕೀರೇಶ ಅವರೇ ಮೊದಲಿಗರು. ವೀರವ್ವ ಮಾತ್ರ ಎಲೆಅಡಿಕೆ ಮೆಲ್ಲುತ್ತ ಅವರ ಬೆನ್ನು ಸವರಿ, “ಸಾವ್ಕಾರ್ರ, ಇದಿನ್ನೂ ಕೆರಿ ಐತ್ರಿ. ಸಮುದ್ರಕ್ಕಂತ ಒಂಚೂರು ಉಳಿಸ್ಕೊಳ್ರಿ” ಎಂದರು. ದಂಡೆಯ ಮೇಲಿದ್ದವರೆಲ್ಲ ನಕ್ಕರು.

ಅಷ್ಟರಲ್ಲಿ ತಮ್ಮ ನಿಯಮ ಬಂತು: ಕೋಣೆಗೆ ಇಬ್ಬರೇ ಇರಬೇಕು, ಒಂಟಿಯಾಗಿ ಯಾರೂ ಬರುವಂತಿಲ್ಲ. ಹತ್ತೊಂಬತ್ತರಲ್ಲಿ ಒಬ್ಬರು ಉಳಿಯಲೇಬೇಕಾಯಿತು. “ವೀರವ್ವನ್ನ ಬಿಡ್ರಿ. ಮುಂದಿನ ಸಲ ನೋಡೂಣು” ಎಂದರು ಮಾಲೀಕರು, ನನ್ನ ಮುಖ ನೋಡದೆ. ಮಾರ್ಚಿಗೆ ವೀರವ್ವ ನಿವೃತ್ತರಾಗುತ್ತಾರೆ. ಮುಂದಿನ ಸಲವೆಂಬುದು ಅವರಿಗಿಲ್ಲ. ಅವರಿಗೊಂದು ಅರ್ಧ ಕೋಣೆ ಕೊಡಿ, ಇಲ್ಲವೇ ಕೃತಕ ಬಂಡೆಯ ನೆರಳಿನಲ್ಲಿ ಒಂದು ಚಾಪೆ ಹಾಸಿ, ಅದೂ ಆಗದಿದ್ದರೆ ಹಡಗಿನ ಕಪ್ತಾನರನ್ನೇ ಅವರ ಜೊತೆಗಾರರೆಂದು ಬರೆದುಕೊಳ್ಳಿ ಎಂದು ಬೇಡಿಕೊಂಡೆ. ನನ್ನ ಅಭಿಪ್ರಾಯ ಅಮೂಲ್ಯವೆಂದು, ಪತ್ರಗಳಿಗೆ ತಾನೇ ಉತ್ತರಿಸುವ ತಮ್ಮ ಕಂಪ್ಯೂಟರ್ ಯಂತ್ರ ತಿಳಿಸಿತು.

ಕೊನೆಗೆ ಪಟ್ಟಿಯಿಂದ ನನ್ನ ಹೆಸರನ್ನೇ ತೆಗೆದೆ. ಇದನ್ನು ಔದಾರ್ಯವೆನ್ನಲು ಸಂಕೋಚವಾಗುತ್ತದೆ. ವಾಂತಿ ಮಾಡಿಕೊಂಡ ನಾಲ್ವರಲ್ಲಿ ನಾನೂ ಒಬ್ಬ. ಹಿಂದೆ ಸರಿಯಲು ಕಾರಣವೇನೆಂದು ಕೇಳಿದ ತಮ್ಮ ಯಂತ್ರ ಮೂರನ್ನು ಮಾತ್ರ ಒಪ್ಪುತ್ತಿತ್ತು: ಅನಾರೋಗ್ಯ, ಗರ್ಭ, ಮರಣ. ಮೊದಲನೆಯದಕ್ಕೆ ವೈದ್ಯರ ಪತ್ರ ಬೇಕಿತ್ತು, ಎರಡನೆಯದಕ್ಕೆ ನಾನು ಅರ್ಹನಲ್ಲ. ಮೂರನೆಯದಕ್ಕೆ ಏನನ್ನೂ ಕೇಳದ ತಮ್ಮ ವಿಶ್ವಾಸಕ್ಕೆ ಶರಣಾಗಿ ಅದನ್ನೇ ಒತ್ತಿದೆ. ವೀರವ್ವನ ಹೆಸರು ಕೂಡಲೇ ಖಚಿತವಾಯಿತು. ಕೋಣೆಯಲ್ಲಿ ಅವರಿಗೆ ಜೊತೆಗಾರ್ತಿ ನಮ್ಮ ಲೆಕ್ಕದ ವಿಭಾಗದ ಭಾಗ್ಯಶ್ರೀ.

ಇಂತು, ತಮ್ಮ ದಾಖಲೆಯ ಪ್ರಕಾರ ದಿವಂಗತನಾದರೂ
ತಮ್ಮ ವಿಶ್ವಾಸಿ,
ಉಳಿವೆಪ್ಪ
ಬೀಜ ಪರೀಕ್ಷಕ, ಹಿರೇಕೆರೂರು

ತಾ.ಕ.: ನನ್ನ ಅಗಲಿಕೆಗೆ ತಾವು ನನಗೇ ಕಳುಹಿಸಿದ ಸಂತಾಪ ಪತ್ರ ಇಂದು ತಲುಪಿತು, ಕೃತಜ್ಞ. ಒಂದು ವರ್ಷದೊಳಗೆ ಯಾವಾಗ ಬಂದರೂ, ನನ್ನ ಸ್ಥಿತಿಯನ್ನು ಪರಿಗಣಿಸಿ, ಒಬ್ಬರೇ ಇರಬಹುದಾದ ಕೋಣೆಯನ್ನು ಕೊಡುವುದಾಗಿ ಅದರಲ್ಲಿ ಬರೆದಿದ್ದೀರಿ.